ಅಮ್ಮ ತೊಳೆದ ಗಾಂಧಿ ನಾಣ್ಯ

ಅಮ್ಮನ ದೇವರ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿ ನಾಣ್ಯ ಇತ್ತು. ಹತ್ತು ರೂಪಾಯಿಯದ್ದು. ಒಂದು ಕಡೆ ಗಾಂಧೀಜಿ, ಇನ್ನೊಂದು ಕಡೆ ಅಶೋಕನ ಸಿಂಹಗಳು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಅದು ಹೊರಗೆ ಬರುತ್ತಿತ್ತು. ಮೊದಲು ಹುಣಸೆಹಣ್ಣು, ಆಮೇಲೆ ವಿಭೂತಿ ಹಾಕಿ ತಿಕ್ಕಾಟ. ದೀಪದ ಕಂಬ, ಕುಂಕುಮದ ಬಟ್ಟಲು, ಪಂಚಪಾತ್ರೆಗೆ ಏನು ಸೇವೆಯೋ ಗಾಂಧೀಜಿಗೂ ಅದೇ ಸೇವೆ. ತೊಳೆದ ಮೇಲೆ ಫಳಫಳ ಹೊಳೆಯುತ್ತಿತ್ತು. ಅಮ್ಮ ಅದನ್ನು ಕಲಶದ ಮುಂದೆ ಅಕ್ಕಿಯ ಮೇಲೆ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಹೀಗೆ ನಲವತ್ತು ವರ್ಷ ನಡೆಯಿತು.

ಆ ನಾಣ್ಯ ತಂದವರು ಅಪ್ಪ. ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅವರು ಪ್ರೈಮರಿ ಶಾಲೆ ಮೇಷ್ಟ್ರು. 1969ರಲ್ಲಿ ಗಾಂಧಿ ಜನ್ಮಶತಮಾನ. ಸಂಬಳದ ಹತ್ತು ರೂಪಾಯಿ ನೋಟು ಕೊಟ್ಟು, ಬದಲಿಗೆ ಈ ನಾಣ್ಯ ತಗೊಂಡು ಮನೆಗೆ ಬಂದರು. ನನಗಾಗ ಎಂಟು ವರ್ಷ. ಅಮ್ಮನ ಮುಖ ಇವತ್ತಿಗೂ ನೆನಪಿದೆ. "ಏನೂಂದ್ರೆ, ಇದನ್ನ ಅಂಗಡಿ ಶೆಟ್ಟರು ತಗೋತಾರಾ?" ಅಂದರು. ಅಪ್ಪ, "ತಗೋತಾರೆ. ಆದ್ರೆ ಕೊಡಬಾರದು" ಅಂದರು. ಹತ್ತು ರೂಪಾಯಿ ಆಗ ಸಣ್ಣ ದುಡ್ಡಲ್ಲ. ಅಮ್ಮ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ನಾಣ್ಯ ದೇವರ ಪೆಟ್ಟಿಗೆ ಸೇರಿತು. ಬೆಳ್ಳಿ ಅಂದಮೇಲೆ ಲಕ್ಷ್ಮಿ ಅಲ್ವಾ, ಬೀರುವಿನಲ್ಲಿ ಸುಮ್ನೆ ಇಡೋ ಹಾಗಿಲ್ಲ.

ಅಮ್ಮ ಹೋದದ್ದು 2010ರಲ್ಲಿ. ತಮ್ಮ ದೀಪದ ಕಂಬ ತಗೊಂಡ. ನಾನು ಪಂಚಪಾತ್ರೆ ಮತ್ತು ಈ ನಾಣ್ಯ ತಗೊಂಡೆ. ಆ ವರ್ಷವೇ ಬೆಂಗಳೂರಿನಲ್ಲಿ ಒಂದು ನಾಣ್ಯ ಪ್ರದರ್ಶನ ನಡೆಯುತ್ತಿತ್ತು. ಮಗನ ಮನೆಗೆ ಹೋದವಳು ನಾಣ್ಯವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಲ್ಲಿಗೂ ಹೋದೆ. ಒಬ್ಬ ವ್ಯಾಪಾರಿ ಕಣ್ಣಿಗೆ ಪುಟ್ಟ ಮಸೂರ ಹಿಡಿದು ಐದು ಸೆಕೆಂಡು ನೋಡಿದರು. ಅಷ್ಟೇ.

"ಮೇಡಂ, ಇದನ್ನ ತೊಳೆದಿದ್ದಾರೆ."

ತೊಳೆದಿದ್ದಾರೆ ಅಂತ ಅವರು ಹೇಳಿದ ಧಾಟಿ, ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಮುರಿದಿದೆ ಅನ್ನೋ ಹಾಗಿತ್ತು. "ಹಬ್ಬಕ್ಕೆ ತೊಳೀತಿದ್ರು" ಅಂದೆ. "ಅದೇ" ಅಂದರು. "ಇದಕ್ಕೆ ಏನು ಬರುತ್ತೆ?" ಅಂತ ಕೇಳಿದೆ. ಮಾರುವ ಮನಸ್ಸೇನೂ ಇರಲಿಲ್ಲ, ಸುಮ್ನೆ ಕೇಳಿದ್ದು. "ಬೆಳ್ಳಿ ರೇಟು ಬರುತ್ತೆ. ಅದಕ್ಕಿಂತ ಜಾಸ್ತಿ ಇಲ್ಲ." ಆಮೇಲೆ ಪಕ್ಕದ ಡಬ್ಬಿಯಿಂದ ಅದೇ ನಾಣ್ಯದ ಇನ್ನೊಂದನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಮುಟ್ಟಬೇಡಿ, ಅಂಚು ಮಾತ್ರ ಹಿಡೀರಿ ಅಂದರು. ದೀಪದ ಕೆಳಗೆ ನಿಧಾನಕ್ಕೆ ತಿರುಗಿಸಿದೆ. ನಾಣ್ಯದ ಮೇಲೆ ಬೆಳಕು ಗಾಡಿ ಚಕ್ರದ ಅರೆಗಳ ಹಾಗೆ ಸುತ್ತಿತು. ನಮ್ಮ ನಾಣ್ಯ ತಿರುಗಿಸಿದರೆ ಬೆಳಕು ಸುತ್ತುವುದೇ ಇಲ್ಲ. ಸ್ಟೀಲ್ ಲೋಟದ ಹಾಗೆ ಎಲ್ಲ ಕಡೆ ಒಂದೇ ಹೊಳಪು.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವಳು. ಯಾಕೆ ಅನ್ನೋದು ಗೊತ್ತಾಗುವವರೆಗೆ ನಿದ್ದೆ ಬರುವುದಿಲ್ಲ. ನಾಣ್ಯ ಒತ್ತುವಾಗ ಅಚ್ಚಿನ ಪೆಟ್ಟಿಗೆ ಲೋಹ ನಡುವಿನಿಂದ ಅಂಚಿನ ಕಡೆ ಹರಿಯುತ್ತದೆ. ಆ ಹರಿವು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಬಿಡುತ್ತದೆ. ಬೆಳಕು ಸುತ್ತುವುದು ಆ ಗೆರೆಗಳಿಂದ. ಹುಣಸೆಹಣ್ಣಿನ ಹುಳಿ ಆ ಮೇಲ್ಪದರವನ್ನು ತಿನ್ನುತ್ತದೆ. ವಿಭೂತಿ ಅಂದರೆ ಬೂದಿ, ನುಣ್ಣನೆಯ ಉಪ್ಪುಕಾಗದ ಇದ್ದ ಹಾಗೆ. ಒಂದು ಸಲ ಉಜ್ಜಿದರೂ ಸಾಕು, ಗೆರೆಗಳು ಹೋದವು. ಮತ್ತೆ ಯಾವ ದೇವರು ಬಂದರೂ ಅವು ವಾಪಸ್ಸು ಬರುವುದಿಲ್ಲ. ಅಮ್ಮ ನಲವತ್ತು ಸಲ ಉಜ್ಜಿದ್ದರು.

ಅವತ್ತು ಆ ಸುತ್ತುವ ಬೆಳಕಿನ ನಾಣ್ಯ ಕೊಂಡುಕೊಂಡೆ. ಶುರುವಾದದ್ದು ಹಾಗೆ.

ಮನೆಗೆ ಬಂದ ಮೇಲೆ ಮೊದಲ ಜಗಳ ತಮ್ಮನ ಜೊತೆ. ಅವನ ಪ್ರಕಾರ ಅದು 1948ರ ನಾಣ್ಯ. ನಾಣ್ಯದ ಮೇಲೆ 1869–1948 ಅಂತ ಇದೆ, ಹಾಗಾಗಿ ಗಾಂಧೀಜಿ ತೀರಿಕೊಂಡ ವರ್ಷವೇ ಸರಕಾರ ಹೊರಡಿಸಿದ್ದು ಅಂತ ಅವನ ವಾದ. ಅಪ್ಪ ತಂದದ್ದು ನನಗೆ ಕಣ್ಣಾರೆ ಗೊತ್ತು ಅಂದರೂ ಒಪ್ಪಲಿಲ್ಲ. ಅವನ ತಪ್ಪೂ ಅಲ್ಲ. ಈ ನಾಣ್ಯದ ಮೇಲೆ ಟಂಕಿಸಿದ ಇಸವಿಯೇ ಇಲ್ಲ. ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ಎರಡೇ. ಹೊರಬಂದದ್ದು 1969ರಲ್ಲಿ. 1964ರ ನೆಹರೂ ನಾಣ್ಯಗಳಲ್ಲೂ ಹೀಗೇ, 1889–1964 ಅಂತ ಇದೆ. ಆದರೆ ನೆಹರೂ ತೀರಿಕೊಂಡ ವರ್ಷವೇ ಆ ನಾಣ್ಯ ಬಂದದ್ದರಿಂದ ಅಲ್ಲಿ ಗೊಂದಲ ಆಗುವುದಿಲ್ಲ. ಗಾಂಧಿ ನಾಣ್ಯದಲ್ಲಿ ಆಗುತ್ತದೆ. ಸಂತೆಯಲ್ಲಿ, ಜಾತ್ರೆಯಲ್ಲಿ ಹಳೇ ನಾಣ್ಯ ಮಾರುವವರು "1948ರದು, ಭಾಳ ಅಪರೂಪ" ಅಂತ ಜಾಸ್ತಿ ಬೆಲೆ ಹೇಳುವುದನ್ನು ನಾನೇ ಮೂರು ನಾಲ್ಕು ಕಡೆ ಕೇಳಿದ್ದೇನೆ. ಅಂಥ ಕಡೆ ವಾದ ಮಾಡಬೇಡಿ. ನಕ್ಕು ಮುಂದೆ ಹೋಗಿ.

ನೆಹರೂ ನಾಣ್ಯವೇ ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ. ಒಂದು ರೂಪಾಯಿ ಮತ್ತು ಐವತ್ತು ಪೈಸೆ, ಎರಡೂ ನಿಕ್ಕಲ್. 1969ರಲ್ಲಿ ಗಾಂಧೀಜಿಗೆ ನಾಲ್ಕು ಬಗೆ ಬಂದವು. ಇಪ್ಪತ್ತು ಪೈಸೆಯದ್ದು ಹಳದಿ ಬಣ್ಣದ ಅಲ್ಯೂಮಿನಿಯಂ ಕಂಚು, ಐವತ್ತು ಪೈಸೆ ಮತ್ತು ಒಂದು ರೂಪಾಯಿ ನಿಕ್ಕಲ್, ಹತ್ತು ರೂಪಾಯಿ ಬೆಳ್ಳಿ. ಆ ವರ್ಷ ನೋಟುಗಳ ಮೇಲೂ ಗಾಂಧೀಜಿ ಬಂದರು. ಸೇವಾಗ್ರಾಮದ ಹಿನ್ನೆಲೆಯಲ್ಲಿ ಕೂತ ಚಿತ್ರ.

ಬೆಳ್ಳಿ ಯಾಕೆ ದೊಡ್ಡ ಸುದ್ದಿ ಅನ್ನೋದು ಅರ್ಥ ಆಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ನಮ್ಮ ಅಜ್ಜಿಯ ಕಾಲದ ರಾಣಿ ರೂಪಾಯಿ, ಅಂದರೆ ವಿಕ್ಟೋರಿಯಾ ರೂಪಾಯಿ, ಒಂದು ತೊಲ ತೂಕ. 11.66 ಗ್ರಾಂ. ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಎರಡನೇ ಮಹಾಯುದ್ಧ ಬಂತು. 1940ರಲ್ಲಿ ಬೆಳ್ಳಿಯನ್ನು ನೂರಕ್ಕೆ 50ಕ್ಕೆ ಇಳಿಸಿದರು. 1947ರ ರೂಪಾಯಿ ಪೂರ್ತಿ ನಿಕ್ಕಲ್. ರೂಪಾಯಿ ಅನ್ನೋ ಪದ ಬಂದದ್ದೇ ಬೆಳ್ಳಿಯಿಂದ. ಆ ರೂಪಾಯಿಯಲ್ಲೇ ಬೆಳ್ಳಿ ಇಲ್ಲದೆ ಹೋಯಿತು. ಹಾಗಾಗಿ 1969ರಲ್ಲಿ ನೂರಕ್ಕೆ 80 ಬೆಳ್ಳಿ ಇರುವ, 15 ಗ್ರಾಂ ತೂಕದ, 34 ಮಿಲಿಮೀಟರ್ ಅಗಲದ ನಾಣ್ಯ ಕೈಗೆ ಬಂದಾಗ ಜನ ಅದನ್ನು ಖರ್ಚು ಮಾಡಲಿಲ್ಲ. ಪೆಟ್ಟಿಗೆಗೆ ಹಾಕಿದರು. ಅಪ್ಪ ಒಬ್ಬರೇ ಅಲ್ಲ.

ಮೊದಲ ಎರಡು ವರ್ಷ ಸಿಕ್ಕಿದ್ದನ್ನೆಲ್ಲ ಕೊಂಡೆ. ಆಮೇಲೆ ನಿಲ್ಲಿಸಿದೆ. ಪಿಂಚಣಿ ಲೆಕ್ಕ ಹಾಕುವ ವಯಸ್ಸು, ಎಲ್ಲ ಬೇಕು ಅಂದರೆ ಆಗುವುದಿಲ್ಲ. ಒಂದೇ ದಾರಿ ಹಿಡಿಯಬೇಕು ಅನ್ನಿಸಿತು. ನಾನು ಹಿಡಿದ ದಾರಿ ಹತ್ತು ರೂಪಾಯಿ. ಬೇರೆಯವರು ಇಸವಿ ಪ್ರಕಾರ ಸೇರಿಸುತ್ತಾರೆ, ನಾಣ್ಯ ಒತ್ತಿದ ಟಂಕಸಾಲೆ ಪ್ರಕಾರ ಸೇರಿಸುತ್ತಾರೆ. ನಾನು ಹತ್ತು ರೂಪಾಯಿ ನಾಣ್ಯಗಳನ್ನು ಸಾಲಾಗಿ ಇಟ್ಟು ಬೆಳ್ಳಿ ಎಲ್ಲಿ ಹೋಯಿತು ಅಂತ ನೋಡಿದೆ. ನನಗೆ ಈ ಹವ್ಯಾಸದಲ್ಲಿ ಸಿಕ್ಕ ದೊಡ್ಡ ಖುಷಿ ಅದೇ.

1969, ಗಾಂಧಿ. 15 ಗ್ರಾಂ, 80 ಟಚ್. ಚಿನ್ನಬೆಳ್ಳಿ ಅಂಗಡಿಯವರು ಶುದ್ಧತೆಗೆ ಟಚ್ ಅಂತಾರೆ, ನನಗೂ ಆ ಮಾತೇ ಅಭ್ಯಾಸ ಆಗಿಬಿಟ್ಟಿದೆ. ಅಂದರೆ 12 ಗ್ರಾಂ ಅಪ್ಪಟ ಬೆಳ್ಳಿ. 1970ರಲ್ಲಿ "ಎಲ್ಲರಿಗೂ ಅನ್ನ" ಅನ್ನೋ ಘೋಷಣೆಯ ನಾಣ್ಯ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಮಾಡಿದ್ದು. ಅದೂ 15 ಗ್ರಾಂ, 80 ಟಚ್. 1971ರ ಇಸವಿಯಲ್ಲೂ ಸಿಗುತ್ತದೆ. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬ. ಒಬ್ಬ ಗಂಡು, ಒಬ್ಬ ಹೆಣ್ಣು ಬಾವುಟ ಹಿಡಿದಿದ್ದಾರೆ, ಹಿಂದೆ ಸಂಸತ್ ಭವನ. ನಾಣ್ಯ ದೊಡ್ಡದಾಯಿತು, 39 ಮಿಲಿಮೀಟರ್. ತೂಕವೂ 22 ಗ್ರಾಂ ದಾಟಿತು. ಕೈಯಲ್ಲಿ ಹಿಡಿದರೆ ಗಾಂಧಿ ನಾಣ್ಯ ಅದರ ಮುಂದೆ ಚಿಕ್ಕದು. ಆದರೆ ಟಚ್ 50. ಲೆಕ್ಕ ಹಾಕಿ ನೋಡಿ, ಬೆಳ್ಳಿ ಸುಮಾರು 11 ಗ್ರಾಂ ಅಷ್ಟೇ. ಬೆಳ್ಳಿಹಬ್ಬದ ನಾಣ್ಯದಲ್ಲಿ ಬೆಳ್ಳಿ ಕಮ್ಮಿ!

ಈ ಲೆಕ್ಕ ಹಾಕಿದ ರಾತ್ರಿ ನಾನು ಒಬ್ಬಳೇ ನಕ್ಕಿದ್ದೇನೆ. ಮದುವೆಮನೆಯಲ್ಲಿ ಹೋಳಿಗೆ ಅಗಲ ಮಾಡಿ ಹೂರಣ ಕಮ್ಮಿ ಮಾಡುವ ಉಪಾಯ ಸರಕಾರಕ್ಕೂ ಗೊತ್ತಿತ್ತು.

1973ರಲ್ಲಿ "ಹೆಚ್ಚು ಬೆಳೆ ಬೆಳೆಯಿರಿ" ನಾಣ್ಯ. ಹತ್ತು ರೂಪಾಯಿ ಜೊತೆಗೆ ಇಪ್ಪತ್ತು ರೂಪಾಯಿ ನಾಣ್ಯವೂ ಬಂತು, 30 ಗ್ರಾಂ, 44 ಮಿಲಿಮೀಟರ್, ಅರ್ಧ ಬೆಳ್ಳಿ. 1974ರಲ್ಲಿ ಕುಟುಂಬ ಯೋಜನೆ. ಆ ವರ್ಷದ ಹತ್ತು ರೂಪಾಯಿ ನಾಣ್ಯ ತಾಮ್ರ ಮತ್ತು ನಿಕ್ಕಲ್. ಬೆಳ್ಳಿ ಪೂರ್ತಿ ಮಾಯ. ಬೆಳ್ಳಿ ಬೇಕಾದವರಿಗೆ ಐವತ್ತು ರೂಪಾಯಿಯ ಬೇರೆ ನಾಣ್ಯ. 1969ರಿಂದ 1974, ಬರೀ ಐದು ವರ್ಷ. 12 ಗ್ರಾಂನಿಂದ 11, ಆಮೇಲೆ ಸೊನ್ನೆ. ಬೆಲೆಯೇರಿಕೆ ಅಂದರೆ ಏನು ಅಂತ ಮಕ್ಕಳಿಗೆ ಪಾಠ ಮಾಡಲು ಇದಕ್ಕಿಂತ ಒಳ್ಳೆ ಸಾಮಾನು ಸಿಗಲಿಲ್ಲ. ನಿವೃತ್ತಿಗೆ ಮುಂಚೆ ಈ ನಾಣ್ಯಗಳನ್ನು ಕ್ಲಾಸಿಗೆ ಒಯ್ದಿದ್ದೆ. ಸಮಾಜ ವಿಜ್ಞಾನದ ಟೀಚರ್ ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತು, "ಇದು ನನ್ನ ಪಾಠ ಕಣ್ರೀ" ಅಂದಿದ್ದರು.

ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಅಷ್ಟು ಆಸಕ್ತಿ ಇಲ್ಲ. 1980ರ ಹೊತ್ತಿಗೆ ಬೆಳ್ಳಿ ನೂರು ರೂಪಾಯಿ ನಾಣ್ಯಕ್ಕೆ ಹೋಯಿತು. 35 ಗ್ರಾಂ, 44 ಮಿಲಿಮೀಟರ್. ಆಮೇಲೆ ಬಹಳ ವರ್ಷ ಹೆಚ್ಚು ಕಮ್ಮಿ ಅದೇ ಅಳತೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬೆಳ್ಳಿ 50, ತಾಮ್ರ 40, ನಿಕ್ಕಲ್ 5, ಸತು 5. ಅಂಚಿನಲ್ಲಿ 200 ಗೀರು. ಮುಖಬೆಲೆ ಮಾತ್ರ ಸಂದರ್ಭ ನೋಡಿಕೊಂಡು 75, 125, 150, 350 ಅಂತ ಬದಲಾಗುತ್ತದೆ. 2023ರ ಮೇ ತಿಂಗಳಲ್ಲಿ ಹೊಸ ಸಂಸತ್ ಭವನಕ್ಕೆ 75 ರೂಪಾಯಿ ನಾಣ್ಯ ಬಂತಲ್ಲ, ಅದೂ ಇದೇ ಬಗೆ. ಇವು ಯಾವೂ ಅಂಗಡಿಗೆ ಬರುವುದಿಲ್ಲ. ಟಂಕಸಾಲೆಯೇ ಡಬ್ಬಿಯಲ್ಲಿ ಹಾಕಿ, ಮುಖಬೆಲೆಗಿಂತ ಎಷ್ಟೋ ಜಾಸ್ತಿಗೆ ಮಾರುತ್ತದೆ. 80 ಟಚ್ ಮತ್ತೆ ನೋಡಬೇಕಾದರೆ ತಂಜಾವೂರಿನ ಬೃಹದೀಶ್ವರ ದೇವಸ್ಥಾನಕ್ಕೆ ಸಾವಿರ ವರ್ಷ ತುಂಬಿದ್ದಕ್ಕೆ ಮಾಡಿದ ಸಾವಿರ ರೂಪಾಯಿ ನಾಣ್ಯ ನೋಡಬೇಕು. ಈ ಸಾಲಿನಲ್ಲಿ ನಾನು ಕೊಂಡದ್ದು ಒಂದೇ, 2006ರ ಬಸವೇಶ್ವರ ನೂರು ರೂಪಾಯಿ. ಅದನ್ನು ಯಾಕೆ ಕೊಂಡೆ ಅಂತ ಕನ್ನಡದವರಿಗೆ ಹೇಳಬೇಕಾಗಿಲ್ಲ. ಅದರ ಜೊತೆಗಾರ ಐದು ರೂಪಾಯಿ ಬಸವಣ್ಣ ಬಸ್ಸಿನ ಚಿಲ್ಲರೆಯಲ್ಲೇ ಸಿಕ್ಕಿತು.

ಈಗ ಪರೀಕ್ಷೆ ಮಾಡುವ ವಿಚಾರ. ಇದಕ್ಕೆ ಕಾರಣ ನಾನು ತಿಂದ ಪೆಟ್ಟು. 2012ರಲ್ಲಿ ಒಬ್ಬರು ನನಗೆ "ಪ್ರೂಫ್" ಅಂತ ಹೇಳಿ ಒಂದು ಗಾಂಧಿ ನಾಣ್ಯ ಮಾರಿದರು. ಪ್ರೂಫ್ ಅಂದರೆ ಸಂಗ್ರಹಕ್ಕಾಗಿಯೇ ಪಾಲಿಶ್ ಮಾಡಿದ ಅಚ್ಚಿನಲ್ಲಿ ಒತ್ತಿದ ನಾಣ್ಯ. ಹಿನ್ನೆಲೆ ಕನ್ನಡಿ ಹಾಗೆ, ಅಕ್ಷರದ ಅಂಚು ಚಾಕುವಿನಿಂದ ಕತ್ತರಿಸಿದ ಹಾಗೆ. ನನಗೆ ಸಿಕ್ಕಿದ್ದು ಹೊಳೆಯುತ್ತಿತ್ತು, ನಾನು ಬೆರಗಾದೆ, ದುಡ್ಡು ಕೊಟ್ಟೆ. ಮನೆಗೆ ಬಂದು ಹತ್ತು ಪಟ್ಟಿನ ಮಸೂರದಲ್ಲಿ ನೋಡಿದರೆ ಕಿವಿಯ ಒಳಸುತ್ತು ಮಬ್ಬು, ಮೀಸೆ ಸವೆದಿದೆ. ಯಾರೋ ಮಾಮೂಲಿ ನಾಣ್ಯವನ್ನು ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿ ತೆಗೆದಿದ್ದರು. ನಮ್ಮ ಅಮ್ಮನ ಕೆಲಸವನ್ನೇ ಬಾಟಲಿಯಲ್ಲಿ ಮಾಡಿದ್ದರು ಅಷ್ಟೇ. 1969ರ ನಿಜವಾದ ಪ್ರೂಫ್ ಮುಂಬೈ ಟಂಕಸಾಲೆಯದ್ದು. ಅದರಲ್ಲಿ ಇಂಗ್ಲಿಷಿನ ಬಿ ಅಕ್ಷರ ಇರುತ್ತದೆ. ನಾನು ಕೊಂಡದ್ದರಲ್ಲಿ ಇರಲಿಲ್ಲ. ಇದನ್ನು ಮೊದಲೇ ನೋಡಬೇಕಿತ್ತು.

ಮಾಮೂಲಿ ನಾಣ್ಯಗಳಲ್ಲಿ ಪುಟ್ಟ ವಜ್ರದ ಆಕಾರ ಇದ್ದರೆ ಮುಂಬೈ, ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತಾ. ನಕ್ಷತ್ರ ಹೈದರಾಬಾದು, ಚುಕ್ಕೆ ನೊಯ್ಡಾ. ಗಾಂಧಿ ಹತ್ತು ರೂಪಾಯಿ ಮುಂಬೈಯದ್ದೇ ಜಾಸ್ತಿ ಸಿಗುತ್ತದೆ.

ಹೊಳಪಿನ ಮೋಸ ಒಂದು ಬಗೆ. ಲೋಹದ ಮೋಸ ಇನ್ನೊಂದು. ಬೆಳ್ಳಿ ಬದಲು ತಾಮ್ರ ನಿಕ್ಕಲ್ ಹಾಕಿ ಮಾಡಿದ ನಕಲು ಕಣ್ಣಿಗೆ ಚೆನ್ನಾಗೇ ಕಾಣುತ್ತದೆ. ಆಯಸ್ಕಾಂತ ಹಿಡಿದರೆ ಗೊತ್ತಾಗುತ್ತೆ ಅಂತ ಹೇಳುವವರಿದ್ದಾರೆ. ಅರ್ಧ ಸತ್ಯ. ಬೆಳ್ಳಿಗೆ ಆಯಸ್ಕಾಂತ ಅಂಟುವುದಿಲ್ಲ, ನಿಜ. ಆದರೆ ತಾಮ್ರ ನಿಕ್ಕಲ್ ಮಿಶ್ರಣಕ್ಕೂ ಅಂಟುವುದಿಲ್ಲ. ಅಂಟಿದರೆ ನಕಲಿ ಅಂತ ಖಚಿತ, ಅಂಟದಿದ್ದರೆ ಏನೂ ಖಚಿತ ಇಲ್ಲ. ಅಂದಹಾಗೆ ಗಾಂಧಿ ಒಂದು ರೂಪಾಯಿ ಅಪ್ಪಟ ನಿಕ್ಕಲ್, ಅದು ಅಂಟಲೇಬೇಕು. ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿ ಶಬ್ದ ಕೇಳುವವರೂ ಇದ್ದಾರೆ. ದಯವಿಟ್ಟು ಬೇಡ. ಅಂಚು ಜಜ್ಜಿದರೆ ಶಬ್ದ ಚೆನ್ನಾಗಿತ್ತು ಅಂತ ಯಾರೂ ದುಡ್ಡು ಕೊಡುವುದಿಲ್ಲ.

ನಾನು ಮಾಡುವುದು ಆರ್ಕಿಮಿಡೀಸನ ಕೆಲಸ. ಆನ್‌ಲೈನಿನಲ್ಲಿ 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಕಡಿಮೆ ಬೆಲೆಗೆ ಸಿಗುತ್ತದೆ. ಮೊದಲು ನಾಣ್ಯ ತೂಗಿ. ಹೊಸದರಂತೆ ಇದ್ದರೆ 15 ಗ್ರಾಂ ಹತ್ತಿರ ಇರಬೇಕು. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ಹೊಲಿಗೆ ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ಆದರೆ ತಳ ಮತ್ತು ಗೋಡೆಗೆ ತಾಗದ ಹಾಗೆ ನೀರಲ್ಲಿ ಇಳಿಬಿಡಿ. ದಾರ ನಿಮ್ಮ ಕೈಯಲ್ಲೇ ಇರಬೇಕು. ತಕ್ಕಡಿ ಈಗ ತೋರಿಸುವುದು ನಾಣ್ಯದ ತೂಕ ಅಲ್ಲ, ಅದು ಪಕ್ಕಕ್ಕೆ ತಳ್ಳಿದ ನೀರಿನ ತೂಕ. 80 ಟಚ್ ಬೆಳ್ಳಿಯ 15 ಗ್ರಾಂ ನಾಣ್ಯಕ್ಕೆ ಅದು ಸುಮಾರು 1.48 ಬರಬೇಕು. ಹದಿನೈದನ್ನು ಅದರಿಂದ ಭಾಗಿಸಿದರೆ 10.1 ಚಿಲ್ಲರೆ, ಅದೇ ಸಾಂದ್ರತೆ. ಅದೇ ತೂಕದ ತಾಮ್ರ ನಿಕ್ಕಲ್ ಆದರೆ 1.68 ಹತ್ತಿರ ತೋರಿಸುತ್ತದೆ. ಒಳಗೆ ಸೀಸ ತುಂಬಿದ್ದರೆ 1.32. ವ್ಯತ್ಯಾಸ ಸಣ್ಣದು, ಆದರೆ ತಕ್ಕಡಿ ಸುಳ್ಳು ಹೇಳುವುದಿಲ್ಲ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ, ದಾರವನ್ನು ಒಂದು ಸಲ ಮೆಲ್ಲಗೆ ಅಲುಗಿಸಿ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬಳಸಿ. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಒರೆಸಬೇಡಿ. ಪ್ರೂಫ್ ನಾಣ್ಯವನ್ನು ಮಾತ್ರ ನೀರಿಗೆ ಇಳಿಸಬೇಡಿ.

ಅಮ್ಮನ ನಾಣ್ಯವನ್ನೂ ತೂಗಿದೆ. 14.86 ಗ್ರಾಂ. ಸವೆದದ್ದು ಒಂದು ಗುಲಗಂಜಿಗಿಂತ ಸ್ವಲ್ಪ ಜಾಸ್ತಿ. ನಲವತ್ತು ಹಬ್ಬದ ಲೆಕ್ಕ.

ಇಡುವ ವಿಚಾರದಲ್ಲೂ ಒಂದು ತಪ್ಪು ಮಾಡಿದ್ದೇನೆ, ಇದು ಪೂರ್ತಿ ನನ್ನದೇ. ಮೆತ್ತಗಿನ ಪ್ಲಾಸ್ಟಿಕ್ ಜೇಬುಗಳಿರುವ ಆಲ್ಬಂನಲ್ಲಿ ನಾಣ್ಯ ಇಟ್ಟಿದ್ದೆ. ಎರಡು ಮಳೆಗಾಲ ಕಳೆದು ತೆಗೆದರೆ 1972ರ ನಾಣ್ಯದ ಅಂಚಿಗೆ ಹಸಿರು ಅಂಟು. ಬೆರಳಿಗೆ ಜಿಗಿ ಜಿಗಿ. ಮೆತ್ತಗಿನ ಪಿವಿಸಿ ಹಳೆಯದಾದಂತೆ ಎಣ್ಣೆ ಬಿಡುತ್ತದೆ, ಆಮ್ಲವನ್ನೂ ಬಿಡುತ್ತದೆ. ಅದು ನಾಣ್ಯದ ತಾಮ್ರದ ಜೊತೆ ಸೇರಿ ಹಸಿರಾಗುತ್ತದೆ. 50 ಟಚ್ ನಾಣ್ಯದಲ್ಲಿ ತಾಮ್ರ ಜಾಸ್ತಿ, ಹಾಗಾಗಿ ಮೊದಲು ಕೆಟ್ಟದ್ದು ಅದೇ. ಶುದ್ಧ ಅಸಿಟೋನ್ ತಂದು ಗಾಜಿನ ಬಟ್ಟಲಲ್ಲಿ ಹಾಕಿ ನಾಣ್ಯವನ್ನು ನೆನೆಸಿಟ್ಟೆ. ಉಗುರು ಬಣ್ಣ ತೆಗೆಯುವ ದ್ರಾವಣ ಅಲ್ಲ, ಅದರಲ್ಲಿ ಬಣ್ಣ, ವಾಸನೆ, ಎಣ್ಣೆ ಎಲ್ಲ ಇರುತ್ತದೆ. ಕಿಟಕಿ ತೆಗೆದಿರಬೇಕು, ಹತ್ತಿರ ಒಲೆ ದೀಪ ಏನೂ ಇರಬಾರದು. ಅಂಟು ಬಿಟ್ಟುಕೊಂಡಿತು. ಕೆಳಗೆ ಒಂದು ಮಸುಕು ಕಲೆ ಉಳಿಯಿತು. ಅದು ಹೋಗುವುದಿಲ್ಲ. ಉಜ್ಜಿದರೆ ಹೋಗುತ್ತೆ ಅಂತ ಮನಸ್ಸು ಹೇಳಿತು. ಕೈ ಕಟ್ಟಿಕೊಂಡು ಕೂತೆ.

ಈಗ ಗಟ್ಟಿ ಕ್ಯಾಪ್ಸೂಲ್, ಅಂದರೆ ನಾಣ್ಯದ ಅಳತೆಗೇ ಮಾಡಿದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಬಳಸುತ್ತೇನೆ. 34, 39, 44, ಮೂರೇ ಅಳತೆ ಸಾಕು ನನಗೆ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪುಡಿಕೆ. ಸ್ಟೀಲ್ ಬೀರು. ಹತ್ತಿರ ರಬ್ಬರ್ ಬ್ಯಾಂಡ್ ಬೇಡವೇ ಬೇಡ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿಗೆ ಗಂಧಕ ಅಂದರೆ ಕಪ್ಪು. ಒಮ್ಮೆ ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಂದ ನಾಣ್ಯದಲ್ಲಿ ಗಾಂಧೀಜಿ ಕೆನ್ನೆ ಮೇಲೆ ಅಡ್ಡಕ್ಕೆ ಒಂದು ಕಪ್ಪು ಪಟ್ಟಿ. ಯಾರೋ ಕಟ್ಟು ಕಟ್ಟಿ ಇಟ್ಟಿದ್ದರು. ಆದರೆ ಎಲ್ಲ ಕಪ್ಪೂ ಕೆಟ್ಟದ್ದಲ್ಲ. ವರ್ಷಗಟ್ಟಲೆ ನಿಧಾನಕ್ಕೆ ಬಂದ ತೆಳು ಬಣ್ಣ, ಅಂಚಿನಲ್ಲಿ ಜೇನಿನ ಬಣ್ಣ, ಒಳಗೆ ನೀಲಿ, ಅದನ್ನು ಇಷ್ಟಪಟ್ಟು ಜಾಸ್ತಿ ದುಡ್ಡು ಕೊಡುವವರಿದ್ದಾರೆ. ನಮ್ಮ ಮನೆಯಲ್ಲಿ ಇದನ್ನು ಕೇಳಿದವರು ನನಗೆ ತಲೆ ಕೆಟ್ಟಿದೆ ಅಂದುಕೊಂಡರು.

ಬೆಲೆ ವಿಚಾರಕ್ಕೆ ನನ್ನ ಹತ್ತಿರ ಒಂದೇ ಸೂತ್ರ. ಮೊದಲು ಆ ದಿನದ ಬೆಳ್ಳಿ ರೇಟಿನಿಂದ ಹನ್ನೆರಡು ಗ್ರಾಂ ಲೆಕ್ಕ ಹಾಕುತ್ತೇನೆ. ಅದು ನೆಲ. ಅದರ ಮೇಲೆ ಕೇಳುವುದೆಲ್ಲ ನಾಣ್ಯದ ಸ್ಥಿತಿಗೆ. ಬೆಳಕು ಸುತ್ತದ ನಾಣ್ಯಕ್ಕೆ ನಾನು ನೆಲಕ್ಕಿಂತ ಮೇಲೆ ಹೋಗುವುದಿಲ್ಲ. ಕರಗಿಸುವುದಾದರೆ ಕೊಡಿ ಅಂತ ಬೆಳ್ಳಿ ಅಂಗಡಿಯಲ್ಲಿ ಒಬ್ಬರು ಕೇಳಿದ್ದುಂಟು. 2011ರ ನಾಣ್ಯ ಕಾಯ್ದೆ ಪ್ರಕಾರ ಚಲಾವಣೆಗೆ ಅರ್ಹವಾದ ನಾಣ್ಯ ಕರಗಿಸುವುದು, ಕತ್ತರಿಸುವುದು ಅಪರಾಧ. ಹಾಗಂತ ಹೇಳಿದೆ. "ಟೀಚರ್ ಅಲ್ವಾ ನೀವು" ಅಂದರು.

ಇನ್ನು ಫೋನುಗಳು. ನಾನು ನಾಣ್ಯ ಸೇರಿಸುತ್ತೇನೆ ಅಂತ ಊರಿಗೆ ಗೊತ್ತಾದ ಮೇಲೆ ತಿಂಗಳಿಗೆ ಎರಡಾದರೂ ಬರುತ್ತವೆ. ವೈಷ್ಣೋದೇವಿ ಐದು ರೂಪಾಯಿ ಇದೆ, ಹತ್ತು ಲಕ್ಷಕ್ಕೆ ಹೋಗುತ್ತಂತೆ, ಗಿರಾಕಿ ಹುಡುಕಿಕೊಡಿ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿದೆ. ರಾಮ ಲಕ್ಷ್ಮಣರ ಚಿತ್ರ ಇರುವ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಇದೆ, 1818ರದು. ಕಂಪನಿ ಅಂಥ ನಾಣ್ಯ ಮಾಡಲೇ ಇಲ್ಲ, ಅದು ಜಾತ್ರೆಯ ಬಿಲ್ಲೆ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕೆಲವು ಹಳೇ ನಾಣ್ಯ ಅಕ್ಕಿಕಾಳನ್ನು ತನ್ನ ಕಡೆ ಎಳೆಯುತ್ತೆ, ಅದಕ್ಕೆ ಭಾರಿ ಬೆಲೆ ಅಂತ ನಂಬಿಸುವ ಮೋಸ ಒಂದಿದೆ, ಒಬ್ಬರಂತೂ ನನ್ನ ಗಾಂಧಿ ನಾಣ್ಯ ಅಕ್ಕಿ ಎಳೆಯುತ್ತಾ ಅಂತ ಕೇಳಿದರು. ಅಮ್ಮ ನಲವತ್ತು ವರ್ಷ ಅಕ್ಕಿ ಮೇಲೇ ಇಟ್ಟಿದ್ದರು, ಒಂದು ಕಾಳೂ ಅಲುಗಲಿಲ್ಲ ಅಂದೆ. ಇಂಥ ಕರೆಗಳಲ್ಲಿ ದುಡ್ಡು ಕಳೆದುಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ. ನಿಮ್ಮ ನಾಣ್ಯ ಕೊಳ್ಳುತ್ತೇವೆ, ಮೊದಲು ತೆರಿಗೆ ಕಟ್ಟಿ, ನೋಂದಣಿ ಶುಲ್ಕ ಕಟ್ಟಿ ಅಂತ ಶುರುವಾಗುತ್ತದೆ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ತನ್ನ ಹೆಸರಿನಲ್ಲಿ ಯಾರಾದರೂ ಶುಲ್ಕ ಕೇಳಿದರೆ ಕೊಡಬೇಡಿ ಅಂತ. ಆ ಸುದ್ದಿಯ ಪತ್ರಿಕೆ ತುಂಡು ಕತ್ತರಿಸಿ ಫೋನಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಓದಿ ಹೇಳುತ್ತೇನೆ, ಫೋನು ತಾನಾಗೇ ಕಟ್ ಆಗುತ್ತದೆ.

ಅಮ್ಮನ ನಾಣ್ಯಕ್ಕೆ ಕ್ಯಾಪ್ಸೂಲ್ ಹಾಕಿಲ್ಲ. ಅದು ಈಗ ಬೆಂಗಳೂರಿನಲ್ಲಿ ಸೊಸೆಯ ದೇವರ ಮನೆಯಲ್ಲಿದೆ. ಮೊದಲ ವರ್ಷ ಅವಳು ಫೋನ್ ಮಾಡಿ, "ಅತ್ತೆ, ಇದನ್ನ ತೊಳೀಬಹುದಾ?" ಅಂತ ಹೆದರಿಕೊಂಡು ಕೇಳಿದಳು. ನನ್ನ ಪಾಠ ಅವಳಿಗೂ ಆಗಿತ್ತು. ತೊಳಿಯಮ್ಮಾ, ವಿಭೂತಿ ಹಾಕಿ ಚೆನ್ನಾಗಿ ತೊಳಿ ಅಂದೆ.

ನನ್ನ ಸಾಲಿನಲ್ಲಿ ಇನ್ನೂ ಒಂದು ಜಾಗ ಖಾಲಿ ಇದೆ, 1973ರ ಇಪ್ಪತ್ತು ರೂಪಾಯಿ. ಹತ್ತರ ಸಾಲಿಗೆ ಸೇರದಿದ್ದರೂ ಅದರ ಒಡಹುಟ್ಟಿದ್ದು ಅಂತ ಬೇಕು ಅನ್ನಿಸಿದೆ. ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯ ಹತ್ತಿರ ಒಳ್ಳೆಯದೊಂದು ಇದೆ. ನಾನು ಫೋನ್ ಮಾಡಿದಾಗಲೆಲ್ಲ ಬೆಳ್ಳಿ ರೇಟು ಏರಿರುತ್ತದೆ, ಅವರ ಬೆಲೆಯೂ ಏರಿರುತ್ತದೆ. ಇಳಿದಾಗ ಮಾತ್ರ ಅವರಿಗೆ ರೇಟು ಗೊತ್ತಿರುವುದಿಲ್ಲ. ಹೋದ ವಾರ ಮತ್ತೆ ಮಾತಾಡಿದೆ. ಮುಂದಿನ ತಿಂಗಳು ನಾನೇ ಬರ್ತೀನಿ, ತಕ್ಕಡಿ ಜೊತೆಗೆ ತರ್ತೀನಿ ಅಂದೆ.

"ತರ್ರಿ ಟೀಚರ್. ನೀರು ನಾನು ಕೊಡ್ತೀನಿ" ಅಂದರು.